ಸ್ಪರ್ಶಕೋನ

ಶೆಫೀಲ್ಡಿನ ಈ ಓಣಿಯಲ್ಲಿ ಮೊದಲು ಚಾಕು ಮಸೆಯುತ್ತಿದ್ದರಂತೆ.
ಈಗ ಅದರ ನೆಲಮಾಳಿಗೆಯಲ್ಲಿ ನಾನು
ಟೈಟಾನಿಯಂ ಹಾಳೆಗೆ ಒಂದೊಂದೇ ಹನಿ ಇಳಿಸಿ
ಹೇಗೆ ಕೂತಿತೆಂದು ಪಕ್ಕದಿಂದ ಬಗ್ಗಿ ನೋಡುತ್ತೇನೆ.
ಇಷ್ಟೇ ಕಸುಬು. ಇದಕ್ಕೆ ಸಂಬಳವೂ ಇದೆ.

ಗುಂಡಗೆ ಕೂತರೆ ಒಲ್ಲದ್ದು,
ಹರಡಿಕೊಂಡರೆ ಒಲಿದದ್ದು,
ನಡುವಿನದೆಲ್ಲ ಡಿಗ್ರಿಗಳ ಲೆಕ್ಕ.

ಏಳನೇ ಕ್ಲಾಸು ಬಿಡುವಾಗ ಆಟೋಗ್ರಾಫ್ ಪುಸ್ತಕದಲ್ಲಿ
ಕನ್ನಡ ಮೇಷ್ಟ್ರು ಹಸಿರು ಇಂಕಿನಲ್ಲಿ ಬರೆದಿದ್ದರು:
ತಾವರೆ ಎಲೆ ಮೇಲಿನ ನೀರಿನ ಹಾಗೆ
ಅಂಟಿಯೂ ಅಂಟದಂತಿರು.
ಮೇಷ್ಟ್ರೇ, ಅಳೆದಿದ್ದೇನೆ.
ಗಾಜಿನಮನೆಯ ಮಾಲಿಯನ್ನು ಕಾಡಿ ತಂದ ಎಲೆ.
ನೂರ ಐವತ್ತೆಂಟು ಡಿಗ್ರಿ. ನಿಮ್ಮ ಮಾತು ಸುಳ್ಳಲ್ಲ.
ಆದರೆ ಮುರಿದ ಮೂಳೆಗೆ ವೈರಾಗ್ಯ ಹಿಡಿಸುವುದಿಲ್ಲ.

ಮೂಳೆಯ ಕೋಶ ಲೋಹವನ್ನು ನೇರ ಮುಟ್ಟುವುದೇ ಇಲ್ಲ.
ಮೊದಲು ನೀರು, ಬೆನ್ನಿಗೆ ಉಪ್ಪು,
ಆಮೇಲೆ ನೆತ್ತರಿನ ಪ್ರೋಟೀನುಗಳ ನೂಕುನುಗ್ಗಲು.
ಓಡಿ ಬಂದ ಸಣ್ಣವು ಜಾಗ ಹಿಡಿಯುತ್ತವೆ,
ತಡವಾಗಿ ಬಂದ ದೊಡ್ಡವು ಎಬ್ಬಿಸಿ ಕೂರುತ್ತವೆ,
ಕಿಟಕಿಯಿಂದ ಎಸೆದ ಟವೆಲ್ಲು
ಲೆಕ್ಕಕ್ಕೇ ಇಲ್ಲದ ಬಸ್ಸಿನ ಹಾಗೆ.
ಎಲ್ಲ ಮುಗಿದ ಮೇಲೆ ಕೋಶ ಬಂದು ಆ ಗುಂಪಿನ ಮೈ ತಡವಿ
ಇಲ್ಲಿ ಇರಬಹುದೇ ಎಂದು ವಿಚಾರಿಸುತ್ತದೆ.

ಪ್ಲಾಸ್ಮಾದಲ್ಲಿ ತೊಳೆದ ಹಾಳೆ ಹನಿಯನ್ನು ತಕ್ಷಣ ಬಾಚಿಕೊಳ್ಳುತ್ತದೆ.
ಎರಡು ವಾರ ಮೇಜಿನ ಮೇಲೆ ಬಿಟ್ಟರೆ ಸಾಕು:
ನನ್ನ ಉಸಿರು, ಮೇಲಿನ ಮೀನಂಗಡಿಯ ಎಣ್ಣೆಹೊಗೆ
ಅಣುವೊಂದರ ದಪ್ಪಕ್ಕೆ ಕೂತು
ಹನಿ ಮತ್ತೆ ಮುದುಡುತ್ತದೆ.
ಲೋಹಕ್ಕೂ ಹೀಗೆ ವಯಸ್ಸಾಗುತ್ತದೆ. ಕಣ್ಣಿಗೆ ಕಾಣದು.

ಮಂಗಳವಾರ ಸರ್ಜನ್ ಆರ್ಮರಾಡ್ ಖುದ್ದು ಮೆಟ್ಟಿಲಿಳಿದು ಬಂದರು.
ಕೈಯಲ್ಲೊಂದು ಡಬ್ಬಿ.
"ನಿನ್ನ ಪ್ಲೇಟು," ಅಂದರು. "ಎರಡೂವರೆ ಗಂಟೆ ಹಿಡಿಯಿತು."

ಟ್ಯಾಮ್ಸಿನ್ ಹೇಗ್, ಇಪ್ಪತ್ತಾರು.
ಸ್ಟ್ಯಾನೇಜಿನ ಬಂಡೆಯಿಂದ ಜಾರಿ ಕಾಲುಗಂಟು ಮುರಿದುಕೊಂಡವಳು.
ಮೂಳೆ ಕೂಡಿತ್ತು, ಚೆನ್ನಾಗಿಯೇ.
ಹತ್ತುವ ಬೂಟು ಬಿಗಿ, ಪ್ಲೇಟು ಒತ್ತುತ್ತದೆ,
ತೆಗೆದುಬಿಡಿ ಅಂದಿದ್ದಳು.
ಇಪ್ಪತ್ತು ನಿಮಿಷದ ಕೆಲಸವೆಂದು ಕೊಯ್ದರೆ
ಮೂಳೆ ಪ್ಲೇಟನ್ನು ನುಂಗಿ ಕೂತಿದೆ.
ಎರಡು ಸ್ಕ್ರೂಗಳ ತಲೆ ಹಾರಿ
ಕೊನೆಗೆ ಉಳಿ, ಸುತ್ತಿಗೆ.
"ಕೂಡಿಕೊಳ್ಳುವ ಮೈ ಕೊಟ್ಟೆ, ಸರಿ," ಅಂದರು,
"ಬಿಡಿಸಿಕೊಳ್ಳುವ ದಾರಿ ಎಲ್ಲಿಟ್ಟೆ?"

ಅವರು ಹೋದ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟೆ.
ನಾನು ಆಮ್ಲದಲ್ಲಿ ಕೊರೆದ ಒಂದೊಂದು ಗುಳಿಯಲ್ಲೂ ಅವಳ ಸುಣ್ಣ.
ಹೆಮ್ಮೆಯಾಯಿತು. ಆಮೇಲೆ ಊಟ ಸೇರಲಿಲ್ಲ.
ಹಚ್ಚಿಕೊಳ್ಳುವುದು ಅಂತ ನಮ್ಮಲ್ಲಿ ಒಂದು ಮಾತಿದೆ,
ಅವರಿಗೆ ಹೇಳಬೇಕೆಂದಿದ್ದೆ.
ಇಂಗ್ಲಿಷಿಗೆ ಇಳಿಸಿದರೆ ಅದು ಬರೀ ಗೋಂದು.

ಶುಕ್ರವಾರ ಊರುಗೋಲೂರಿ ಅವಳೇ ಬಂದಳು,
ಪ್ಲೇಟು ಮನೆಗೆ ಒಯ್ಯಬಹುದಾ, ಬೀಗದ ಕೈಗೆ ಪೋಣಿಸುತ್ತೇನೆ ಅಂತ.
ಬೆರಳ ತುದಿಗಳು ಸವೆದು ನುಣುಪು.
"ಚಳಿಯಲ್ಲೇ ಕಲ್ಲು ಚೆನ್ನಾಗಿ ಹಿಡಿಯುತ್ತದೆ," ಅಂದಳು,
"ನಿಮಗೆ ಗೊತ್ತಿರಬೇಕಲ್ಲ, ಯಾಕೆ?"
ಬೆವರು, ರಬ್ಬರು, ಒರಟುತನ, ಏನೇನೋ ಹೇಳಿದೆ.
ಪೂರ್ತಿ ಗೊತ್ತಿಲ್ಲ ಅಂತಲೂ ಹೇಳಬಹುದಿತ್ತು.
ಹೊರಡುವಾಗ ಗೋಡೆಗೆ ಅಂಗೈ ಊರಿ, ಎತ್ತಿ, ಮತ್ತೆ ಊರಿ
ಒಂದೊಂದೇ ಮೆಟ್ಟಿಲು ಹತ್ತಿದಳು.

ಸಂಜೆ ಇನ್ನೊಂದು ಹಾಳೆ ತೆಗೆದು
ಅರ್ಧಕ್ಕೆ ಪಟ್ಟಿ ಸುತ್ತಿ
ಉಳಿದರ್ಧವನ್ನು ಕನ್ನಡಿಯಾಗುವ ತನಕ ಮಸೆದೆ,
ಈ ಓಣಿಯ ಹಳಬರ ಹಾಗೆ.
ಗಡಿಯ ಮೇಲೆ ಒಂದು ಹನಿ ಬಿಟ್ಟೆ.
ಎಡಕ್ಕೆ ಮೂವತ್ತೊಂದು, ಬಲಕ್ಕೆ ಎಪ್ಪತ್ತನಾಲ್ಕು.
ಒಂದೇ ಹನಿ.
ನಮೂದಿಸುವ ಹಾಳೆಯಲ್ಲಿ ಇರುವುದು ಒಂದೇ ಚೌಕ.